ಬಾನೆಟ್ಟಿನ ಮೇಲೆ ಮಲಗಿದ್ದ ರಾಗಿಕೂಸುಗಳು

ಎನ್.ಆರ್. ಕಾಲೋನಿಯಲ್ಲಿ ಚಿಕ್ಕಮ್ಮನ ಮನೆಯ ಹಿಂದಿನ ರಸ್ತೆಯಲ್ಲಿದ್ದ ಫ್ಲೋರ್ ಮಿಲ್ಲು ಇನ್ನೂ ನಡೆಯುತ್ತಿದೆ ಎಂಬುದು ನನ್ನ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು. ಬೆಳಿಗ್ಗೆ ಕೊಟ್ಟು ಬಂದಿದ್ದ ರಾಗಿಯನ್ನು ಬೀಸಿ ಇಟ್ಟಿರುತ್ತಾರೆ, ಬರುವಾಗ ತಂದುಬಿಡು ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದರು. ಮಳೆ ಆಗಷ್ಟೇ ನಿಂತಿತ್ತು. ಮಿಲ್ಲಿನ ಮುಂದೆ ಕೊಡೆ ಮಡಿಸುತ್ತಿದ್ದಾಗ ಆ ವಾಸನೆ ಬಂತು: ಬಿಸಿಯಾದ ರಾಗಿ, ಕಾದ ಬೆಲ್ಟಿನ ರಬ್ಬರು, ಒದ್ದೆ ಗೋಣಿಚೀಲ. ಬೇರೆಯವರಿಗೆ ಇದರಿಂದ ಮುದ್ದೆ ನೆನಪಾಗಬಹುದು, ಅಂಬಲಿ ನೆನಪಾಗಬಹುದು. ನನಗೆ ನೆನಪಾಗುವುದು ಸಿಟಿ ಬಸ್ಸಿನ ಎಂಜಿನ್ನಿನ ಮೇಲಿನ ಬಾನೆಟ್ಟು, ಅದರ ಮೇಲೆ ಸಾಲಾಗಿ ಮಲಗಿಸಿದ್ದ ಬಟ್ಟೆಯ ಗಂಟುಗಳು, ಮತ್ತು ಅವುಗಳಲ್ಲಿ ಒಂದರಿಂದ ಹೊರಗೆ ಬಂದ ಒಂದು ಕೈ.

ಅದು ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ನಾವು ಆಗ ಇದೇ ಎನ್.ಆರ್. ಕಾಲೋನಿಯಲ್ಲಿ ಬಾಡಿಗೆಗೆ ಇದ್ದೆವು. ನಾನು ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗೃಹವಿಜ್ಞಾನದ ಎರಡನೇ ವರ್ಷ ಓದುತ್ತಿದ್ದೆ. ಮಕ್ಕಳ ಬೆಳವಣಿಗೆಯ ಪಾಠ ಹೇಳುತ್ತಿದ್ದವರು ಕಾತ್ಯಾಯಿನಿ ಮೇಡಂ. ದನಿ ಎತ್ತಿ ಮಾತಾಡಿದವರಲ್ಲ. ಸೀಮೆಸುಣ್ಣವನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಬರುತ್ತಿದ್ದರು. ಜೂನ್ ಕೊನೆಯಲ್ಲಿ ಒಂದು ದಿನ ಸೀಮೆಸುಣ್ಣದ ಬದಲು ಒಂದು ಮೂಟೆ ರಾಗಿಯನ್ನು ತರಗತಿಗೆ ತರಿಸಿದರು. ಜೊತೆಗೆ ಒಂದು ತಕ್ಕಡಿ ಮತ್ತು ಹೊಲಿದ ಬಟ್ಟೆಯ ಚೀಲಗಳು.

"ಒಂದೂವರೆ ತಿಂಗಳ ಮಗುವಿನ ತೂಕ ಎಷ್ಟು, ಕತ್ತು ನಿಲ್ಲುತ್ತಾ ಇಲ್ವಾ, ಎಷ್ಟು ಹೊತ್ತು ಮಲಗುತ್ತೆ, ಎಲ್ಲ ಪರೀಕ್ಷೆಯಲ್ಲಿ ಬರೀತೀರ," ಅಂದರು. "ಬರೆದು ಮರೀತೀರ. ಈ ಸಲ ಬರೆಯೋದು ಬೇಡ. ಹೊತ್ಕೊಂಡು ಓಡಾಡಿ."

ಒಬ್ಬೊಬ್ಬರಿಗೂ ನಾಲ್ಕು ಕೇಜಿ ತೂಗಿ ಕೊಟ್ಟರು. ಚೀಲದ ಬಾಯಿ ಹೊಲಿದು, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಮಗುವನ್ನು ಸುತ್ತುವ ಹಾಗೆ ಸುತ್ತಿ, ಮೇಲೊಂದು ಕುಲಾವಿ ತೊಡಿಸುವುದನ್ನು ತಾವೇ ತೋರಿಸಿಕೊಟ್ಟರು. ನಿಯಮಗಳು ಹೆಚ್ಚೇನೂ ಇರಲಿಲ್ಲ. ಒಂಟಿಯಾಗಿ ಬಿಟ್ಟು ಹೋಗಬಾರದು. ಎಲ್ಲಿಗಾದರೂ ಹೋಗಬೇಕಾದರೆ ಇನ್ನೊಬ್ಬರ ಕೈಗೆ ಕೊಟ್ಟು ಹೋಗಬೇಕು. ಎತ್ತುವಾಗ ಕತ್ತಿನ ಕೆಳಗೆ ಕೈ ಇರಬೇಕು. ನೆನೆಸಬಾರದು. ಮಳೆಗಾಲ ಮುಗಿದ ಮೇಲೆ ಚೀಲ ಬಿಚ್ಚಿ ನೋಡುತ್ತೇನೆ, ಬೂಷ್ಟು ಹಿಡಿದಿದ್ದರೆ ಯಾರು ಹೇಗೆ ನೋಡಿಕೊಂಡಿರಿ ಅಂತ ರಾಗಿಯೇ ಹೇಳುತ್ತೆ ಎಂದರು.

ನನ್ನ ಪಕ್ಕದಲ್ಲಿ ಕೂತಿದ್ದ ಲತಾ ಎದ್ದು ನಿಂತಳು. ತರಗತಿಯಲ್ಲಿ ಮೊದಲು ನಗಿಸುವವಳು ಅವಳೇ.

"ಮೇಡಂ, ನಂದು ಗಂಡು ಮಗೂನಾ, ಹೆಣ್ಣು ಮಗೂನಾ?"

"ರಾಗಿ," ಅಂದರು ಮೇಡಂ.

ಮನೆಯಲ್ಲಿ ಅಜ್ಜಿ ನನ್ನ ಗಂಟನ್ನು ನೋಡಿ ಬಾಗಿಲಲ್ಲೇ ತಡೆದರು. "ಮದ್ವೆಗೆ ಮುಂಚೆ ಇದನ್ನ ಎತ್ಕೊಂಡು ಬೀದೀಲಿ ಬಂದ್ಯಾ? ನೋಡಿದೋರು ಏನಂದ್ಕೋಬೇಕು?" ಆದರೆ ಸಂಜೆ ಹೊತ್ತಿಗೆ ಮೇಡಂ ತೊಡಿಸಿದ್ದ ಕುಲಾವಿ ಬಿಗಿ ಆಯಿತು ಅಂತ ಬೇರೆಯದನ್ನು ಅವರೇ ಹೊಲಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಚೀಲದ ಕೆನ್ನೆ ಇರಬೇಕಾದ ಜಾಗದಲ್ಲಿ ಕಾಡಿಗೆಯ ದೃಷ್ಟಿಬೊಟ್ಟು ಇತ್ತು. ಅಮ್ಮನಿಗೆ ಒಂದೇ ಯೋಚನೆ: ಇಷ್ಟು ರಾಗಿಯನ್ನು ಆಮೇಲೆ ಮನೆಗೆ ಕೊಡುತ್ತಾರೋ ಇಲ್ಲವೋ. ನಾನು ಸ್ನಾನಕ್ಕೆ ಹೋಗುವಾಗ ಗಂಟನ್ನು ಅಪ್ಪನ ತೊಡೆಯ ಮೇಲೆ ಇಟ್ಟು ಹೋಗುತ್ತಿದ್ದೆ. ಅಪ್ಪ ಪೇಪರಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ವಾಪಸ್ ಬಂದು ನೋಡಿದರೆ ಅವರ ಕಾಲು ಮಾತ್ರ ತನ್ನಷ್ಟಕ್ಕೆ ತಾನೇ ಮೆಲ್ಲಗೆ ಅಲ್ಲಾಡುತ್ತಿರುತ್ತಿತ್ತು.

ಲತಾಳ ಮನೆಯಲ್ಲಿ ಆ ವರ್ಷ ನಿಜವಾಗಿಯೂ ಮಗು ಬರುವುದಿತ್ತು. ಅವಳ ಅಕ್ಕ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. "ನಾನು ಈಗ್ಲೇ ಟ್ರೈನಿಂಗ್ ತಗೋತಿದೀನಿ," ಅಂತ ಅವಳು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಳು. ತನ್ನ ಗಂಟಿಗೆ ಗುಂಡ ಅಂತ ಹೆಸರಿಟ್ಟಿದ್ದಳು. ಬಸ್ಸಿನಲ್ಲಿ ಅವನ ಜೊತೆ ಮಾತಾಡುತ್ತಿದ್ದಳು. "ನೋಡೋ ಗುಂಡ, ಗಾಂಧಿ ಬಜಾರು. ದೊಡ್ಡೋನಾದ್ಮೇಲೆ ಇಲ್ಲೇ ನಿಂಗೆ ದೋಸೆ ಕೊಡ್ಸೋದು."

ಮೊದಲ ವಾರ ನಾವೆಲ್ಲ ಬಹಳ ಭಕ್ತಿಯಿಂದಿದ್ದೆವು. ಮೆಟ್ಟಿಲಿಳಿಯುವಾಗ ಕೂಡ ಕತ್ತಿನ ಕೆಳಗೆ ಕೈ. ಎರಡನೆಯ ವಾರಕ್ಕೆ ಭುಜ ನೋಯತೊಡಗಿತು. ಕ್ಯಾಂಟೀನಿನಲ್ಲಿ ಗಂಟುಗಳು ಬೆಂಚಿನ ಕೆಳಗೆ ಸೇರಿದವು. ಲ್ಯಾಬಿನಲ್ಲಿ ಯಾರೋ ತಮ್ಮದನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದರು. ಒಂದು ಸಲ ಬಾಗಿಲು ಗಾಳಿಗೆ ಹೊಡೆದುಕೊಳ್ಳದಿರಲಿ ಅಂತ ಒಬ್ಬಳು ತನ್ನ ಮಗುವನ್ನು ಬಾಗಿಲಿಗೆ ಅಡ್ಡ ಇಟ್ಟಳು. ಮೇಡಂ ಬರುವ ಸದ್ದಾದರೆ ಎಲ್ಲ ಗಂಟುಗಳೂ ಎದೆಗೆ ಏರುತ್ತಿದ್ದವು.

ಬೆಳಗಿನ ಬಸ್ಸಿನಲ್ಲಿಯೂ ಹೀಗೇ ಒಂದು ಪದ್ಧತಿ ತಾನಾಗಿ ಬೆಳೆಯಿತು. ಬಸ್ಸು ಹೊರಡುವ ಕಡೆಯೇ ಲತಾಳ ಮನೆ ಇದ್ದದ್ದರಿಂದ ಅವಳಿಗೆ ದಿನವೂ ಮುಂದಿನ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು. ಆಗಿನ ಬಸ್ಸುಗಳಲ್ಲಿ ಹೆಂಗಸರು ಮುಂದಿನಿಂದ ಹತ್ತುತ್ತಿದ್ದರು. ಅಲ್ಲಿ ಬಾಗಿಲು ಅಂತ ಇರಲಿಲ್ಲ, ಬರೀ ಮೆಟ್ಟಿಲು. ಮೆಟ್ಟಿಲಿನ ಆಚೆಗೆ ಡ್ರೈವರಿನ ಪಕ್ಕ ಎಂಜಿನ್ನನ್ನು ಮುಚ್ಚಿದ ಅಗಲವಾದ ಬಾನೆಟ್ಟು. ಲತಾ ಕೈಚಾಚಿದರೆ ಅದು ಸಿಗುತ್ತಿತ್ತು. ಗಾಂಧಿ ಬಜಾರ್ ಸ್ಟಾಪಿನಲ್ಲಿ ನಮ್ಮ ತರಗತಿಯ ಮೂವರು ಹತ್ತುತ್ತಿದ್ದರು. ನೂಕುನುಗ್ಗಲಿನಲ್ಲಿ ಗಂಟು ಹಿಡಿದು ಹತ್ತುವುದು ಕಷ್ಟವಾದ್ದರಿಂದ ಅವರು ಮೊದಲು ಕಿಟಕಿಯಿಂದ ತಮ್ಮ ಗಂಟುಗಳನ್ನು ಲತಾಳ ಕೈಗೆ ಕೊಡುತ್ತಿದ್ದರು. ಅವಳು ತೆಗೆದುಕೊಂಡು ಬಾನೆಟ್ಟಿನ ಮೇಲೆ ಸಾಲಾಗಿ ಮಲಗಿಸುತ್ತಿದ್ದಳು. ತನ್ನ ಗುಂಡನನ್ನೂ ಅಲ್ಲೇ.

ಡ್ರೈವರ್ ಪುಟ್ಟಸ್ವಾಮಿ ಅವರಿಗೆ ಇದೊಂದು ತಮಾಷೆ. "ಬಂತಪ್ಪಾ ಅಂಗನವಾಡಿ," ಅನ್ನುತ್ತಿದ್ದರು. "ಬೆಚ್ಚಗೆ ಮಲ್ಕೊಳ್ಳಿ, ನಮ್ಮ ಬಸ್ಸಲ್ಲಿ ಹೀಟರ್ ಫ್ರೀ." ಕಂಡಕ್ಟರ್ ಹಿಂದಿನಿಂದ ಕೂಗುತ್ತಿದ್ದರು, "ರಾಗಿಕೂಸಿಗೆಲ್ಲ ಟಿಕೆಟ್ ಇಲ್ಲಮ್ಮ, ಲಗೇಜ್ ಹಾಕ್ತೀನಿ." ಆ ಬಸ್ಸಿನ ದಿನದ ಪ್ರಯಾಣಿಕರಿಗೆಲ್ಲ ನಾವು ಪರಿಚಿತರಾಗಿಬಿಟ್ಟಿದ್ದೆವು. ಹೊಸದಾಗಿ ಹತ್ತಿದವರು ಗಾಬರಿಯಾಗಿ, ಯಾರಮ್ಮಾ ಇದು ಮಕ್ಕಳನ್ನ ಬಾನೆಟ್ ಮೇಲೆ ಇಟ್ಟಿರೋದು ಅಂದರೆ, ಹಳಬರೇ ನಕ್ಕು ಸಮಾಧಾನ ಮಾಡುತ್ತಿದ್ದರು.

ನಾನು ಮಾತ್ರ ನನ್ನ ಗಂಟನ್ನು ಅಲ್ಲಿ ಇಡುತ್ತಿರಲಿಲ್ಲ. ನನ್ನಲ್ಲೇನೋ ಹೆಚ್ಚಿನ ತಾಯ್ತನ ಇತ್ತು ಅಂತಲ್ಲ. ಎಂಜಿನ್ನಿನ ಬಿಸಿಗೆ ರಾಗಿ ಕೆಡುತ್ತದೆ, ಮೇಡಂ ಬಿಚ್ಚಿದಾಗ ಗೊತ್ತಾಗುತ್ತದೆ ಎಂಬ ಭಯ. ಡ್ರೈವರಿನ ಹಿಂದಿನ ಉದ್ದ ಸೀಟಿನ ತುದಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಹಾಗಾಗಿ ಆ ದಿನ ನಡೆದದ್ದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು.

ಆಗಸ್ಟಿನ ಒಂದು ಬೆಳಿಗ್ಗೆ. ಜೋರು ಮಳೆ. ಬಸ್ಸಿನ ಕಿಟಕಿಗಳ ಪರದೆಗಳನ್ನೆಲ್ಲ ಇಳಿಬಿಟ್ಟಿದ್ದರು. ಒಳಗೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ, ಕತ್ತಲು. ಗಾಂಧಿ ಬಜಾರಿನಲ್ಲಿ ಬಸ್ಸು ನಿಂತಾಗ ಲತಾ ತನ್ನ ಕಿಟಕಿಯ ಪರದೆಯನ್ನು ಒಂದು ಮೊಳದಷ್ಟು ಎತ್ತಿದಳು. ಹೊರಗೆ ಕೊಡೆಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಮುಖಗಳು ಕಾಣುತ್ತಿರಲಿಲ್ಲ. ಕೊಡೆಗಳ ಕೆಳಗಿನಿಂದ ಕೈಗಳು ಬಂದವು. "ಹಿಡ್ಕೋ," ಅಂತ ಒಂದು ಗಂಟು. "ಹಿಡ್ಕೊಳೇ," ಅಂತ ಇನ್ನೊಂದು. ಆಮೇಲೆ ಇನ್ನೊಂದು. ಲತಾ ತೆಗೆದುಕೊಂಡಂತೆಲ್ಲ ತಿರುಗಿ ಬಾನೆಟ್ಟಿನ ಮೇಲೆ ಇಡುತ್ತಾ ಹೋದಳು. ನನ್ನ ಕಡೆ ನೋಡಿ ಏನೋ ಹೇಳುತ್ತಿದ್ದಳು. ಹಿಂದಿನ ದಿನದ ಕ್ಲಾಸ್ ಟೆಸ್ಟಿನ ವಿಷಯ ಇರಬೇಕು. ನಾಲ್ಕನೆಯದಾಗಿ ಬಂದ ಕೈಗಳಲ್ಲಿ ಹಸಿರು ಗಾಜಿನ ಬಳೆಗಳು ತುಂಬಾ ಇದ್ದವು. ಅದನ್ನು ನಾನು ನೋಡಿದೆ. ನೋಡಿದ್ದು ನನಗೆ ಅರ್ಥವಾಗಲಿಲ್ಲ. "ಸ್ವಲ್ಪ ಹಿಡ್ಕೊಳಮ್ಮಾ, ಹತ್ಕೊಂಡು ಬರ್ತೀನಿ," ಅನ್ನುವ ದನಿ ಮಳೆಯ ಸದ್ದಿನಲ್ಲಿ ಅರ್ಧ ಕೇಳಿತು. ಲತಾ ಅದನ್ನೂ ತೆಗೆದುಕೊಂಡು ಪರದೆ ಬಿಟ್ಟಳು. ಹಳೇ ಸೀರೆಯ ಸುತ್ತು, ಕುಲಾವಿ, ನಾಲ್ಕು ಕೇಜಿಯ ತೂಕ. ಕೈಗೆ ಬೆಚ್ಚಗೆ ತಾಗಿರಬೇಕು. ಆದರೆ ದಿನವೂ ಬಾನೆಟ್ಟಿನಿಂದ ಎತ್ತಿಕೊಡುತ್ತಿದ್ದ ಗಂಟುಗಳೆಲ್ಲ ಅವಳ ಕೈಗೆ ಬೆಚ್ಚಗೇ ಇರುತ್ತಿದ್ದವು.

ಮೆಟ್ಟಿಲಿನ ಕಡೆಯ ತುದಿಯಲ್ಲಿದ್ದ ಗುಂಡನ ಹಿಂದೆ ಅದನ್ನು ಇಟ್ಟಳು.

ಮುಂದಿನ ಮೆಟ್ಟಿಲಿನಲ್ಲಿ ಜಾಗ ತುಂಬಿತ್ತು. ಕಂಡಕ್ಟರ್ "ಹಿಂದೆ ಹತ್ತಮ್ಮಾ, ಹಿಂದೆ ಹತ್ತು" ಅಂತ ಕೂಗುತ್ತಿದ್ದದ್ದು ಕೇಳಿಸಿತು. ಯಾರಿಗೆ ಹೇಳುತ್ತಿದ್ದರು ಅಂತ ಆಗ ನಮಗೆ ಗೊತ್ತಿರಲಿಲ್ಲ. ಬಸ್ಸು ಹೊರಟಿತು.

ಮುಂದೆ ಒಂದು ಸರ್ಕಲ್. ಅದನ್ನು ಸುತ್ತುವಾಗ ಬಸ್ಸು ಎಡಕ್ಕೆ ವಾಲುವುದು ದಿನದ ಮಾತು. ಅಂದು ರಸ್ತೆ ಜಾರುತ್ತಿತ್ತು, ಎದುರಿಗೆ ಒಂದು ಆಟೋ ಅಡ್ಡ ಬಂತು. ಪುಟ್ಟಸ್ವಾಮಿ ಸ್ಟೀರಿಂಗನ್ನು ಜೋರಾಗಿ ಎಳೆದರು. ಬಾನೆಟ್ಟಿನ ಮೇಲೆ ನೀರು ಸುರಿದು ನುಣುಪಾಗಿತ್ತು. ಗುಂಡ ಮೊದಲು ಜಾರಿದ. ಮೆಟ್ಟಿಲಿನಲ್ಲಿದ್ದ ಹುಡುಗಿಯರು ಕಂಬ ಹಿಡಿದು ಒಳಕ್ಕೆ ವಾಲಿದರು. ಅವರ ಕಾಲುಗಳ ನಡುವಿನಿಂದ ಅವನು ಸೀದಾ ರಸ್ತೆಗೆ ಬಿದ್ದ. ಡಬ್ ಅಂತ ಸದ್ದಾಯಿತು. ಚೀಲ ಒಡೆದು ರಾಗಿ ಚೆಲ್ಲಿದ್ದು ಹಿಂದಿನ ಕಿಟಕಿಯವರಿಗೆ ಕಂಡಿರಬೇಕು. ಯಾರೋ ಕೂಗಿದರು, "ಲತಾ, ನಿನ್ ಮಗ ಟಿಕೆಟ್ ತಗೊಳ್ದೇ ಇಳ್ಕೊಂಡ." ಇಡೀ ಬಸ್ಸು ನಕ್ಕಿತು. ಲತಾಳೂ ನಕ್ಕಳು. ನಾನೂ ನಕ್ಕೆ.

ಆ ನಗೆಯ ನಡುವೆ ಎರಡನೆಯ ಗಂಟು ಜಾರತೊಡಗಿತು.

ಅದು ಬೇಗ ಜಾರಲಿಲ್ಲ. ಬಸ್ಸು ಇನ್ನೂ ತಿರುಗುತ್ತಲೇ ಇತ್ತು. ಗಂಟು ಮೆಲ್ಲಗೆ ಬಾನೆಟ್ಟಿನ ಅಂಚಿಗೆ ಬಂತು. ಅದರ ಸುತ್ತು ಸಡಿಲವಾಗಿ ಒಳಗಿನಿಂದ ಒಂದು ಕೈ ಹೊರಗೆ ಬಂತು. ನಿದ್ದೆಯಲ್ಲಿ ಬೆಚ್ಚಿದ ಮಕ್ಕಳು ಮಾಡುವ ಹಾಗೆ ಐದು ಬೆರಳೂ ಬಿಡಿಸಿತು. ಎದ್ದು ಎರಡು ಹೆಜ್ಜೆ ಹಾಕಿದರೆ ಸಾಕಿತ್ತು. ನನ್ನ ಎರಡು ಕೈಗಳೂ ನನ್ನ ರಾಗಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

ಹಿಡಿದದ್ದು ಪುಟ್ಟಸ್ವಾಮಿ. ಒಂದು ಬಿದ್ದಿತ್ತು, ಇನ್ನೊಂದು ಬೀಳುವುದು ಬೇಡ ಅಂತ ರಸ್ತೆಯಿಂದ ಕಣ್ಣು ತೆಗೆಯದೇ, ಗೇರಿನ ಮೇಲಿದ್ದ ಎಡಗೈಯನ್ನು ಚಾಚಿ ಗಂಟನ್ನು ಬಾನೆಟ್ಟಿಗೆ ಒತ್ತಿದರು. ರಾಗಿ ಅಂತಲೇ ಒತ್ತಿದರು. ಅವರ ಅಂಗೈ ಕೆಳಗೆ ಅದು ಅಲ್ಲಾಡಿತು. ಬಸ್ಸು ನಿಂತಿತು.

ಅವರು ಕೈ ತೆಗೆಯಲಿಲ್ಲ. ಒತ್ತುವುದನ್ನು ಮಾತ್ರ ಬಿಟ್ಟು ಹಾಗೇ ಇಟ್ಟುಕೊಂಡು ನಮ್ಮ ಕಡೆ ತಿರುಗಿದರು. "ಇದು ಉಸಿರಾಡ್ತಿದೆ ಕಣಮ್ಮ," ಅಂದರು.

ಲತಾ ಎತ್ತಿಕೊಂಡಳು. ಕುಲಾವಿ ಹಿಂದಕ್ಕೆ ಸರಿದಿತ್ತು. ಮಗು ಅಳಲಿಲ್ಲ. ಕಣ್ಣು ಬಿಟ್ಟು ಮೇಲಿನ ಕಂಬಿಗಳನ್ನು ನೋಡುತ್ತಿತ್ತು. ಹಿಂದೆ ಇನ್ನೂ ನಗುತ್ತಿದ್ದರು, ಕಂಡಕ್ಟರ್ ರೈಟ್ ರೈಟ್ ಅಂತ ಸೀಟಿ ಊದುತ್ತಿದ್ದರು. ಪುಟ್ಟಸ್ವಾಮಿ ಸ್ಟೀರಿಂಗಿನ ಮೇಲೆ ಎರಡು ಕೈ ಇಟ್ಟು, ಆಮೇಲೆ ಗೇರ್ ಹಾಕಿದರು.

ಚಾಮರಾಜಪೇಟೆಯಲ್ಲಿ ನಾವು ಇಳಿದಾಗ ಹಿಂದಿನ ಬಾಗಿಲಿನಿಂದ ಇಳಿದ ಹೆಂಗಸೊಬ್ಬರು ಮಳೆಯಲ್ಲಿ ಓಡಿ ಬಂದರು. ನಮಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ತಲೆಗೆ ಬಾಣಂತಿಯರ ಹಾಗೆ ಬಟ್ಟೆ ಕಟ್ಟಿಕೊಂಡಿದ್ದರು. ಕೈತುಂಬ ಹಸಿರು ಬಳೆ.

"ಅಳಲಿಲ್ವಾ? ನಂಗೆ ಅಲ್ಲಿಂದ ಏನೂ ಕಾಣಲೇ ಇಲ್ಲ," ಅಂದರು ಲತಾಳ ಕೈಯಿಂದ ಮಗುವನ್ನು ತೆಗೆದುಕೊಳ್ಳುತ್ತಾ. "ಅಮ್ಮಂಗೆ ಜ್ವರ, ಒಬ್ಳೇ ಬರ್ಬೇಕಾಯ್ತು. ಇಂಜೆಕ್ಷನ್ ಇದೆ ಇವತ್ತು, ಮುಂದಿನ ತಿಂಗಳೂ ಇದೆಯಂತೆ. ಎಷ್ಟು ಭದ್ರವಾಗಿ ಹಿಡ್ಕೊಂಡಿದೀಯಮ್ಮ. ತುಂಬಾ ಉಪಕಾರ ಆಯ್ತು."

ಕಾಲೇಜಿನ ಹಿಂದಿನ ರಸ್ತೆಯ ಆರೋಗ್ಯ ಕೇಂದ್ರದ ಕಡೆ ಅವರು ಕೊಡೆ ಬಿಚ್ಚಿ ನಡೆದುಹೋದರು. ಲತಾ ಕೈಗಳನ್ನು ಮಗು ಇದ್ದ ಹಾಗೇ ಮಡಿಸಿಕೊಂಡು ನಿಂತಿದ್ದಳು. ನಾನು ಅವಳ ಮೊಣಕೈ ಹಿಡಿದು ನಡೆಸಿಕೊಂಡು ಹೋದೆ.

ಮೇಡಂ ಎಲ್ಲವನ್ನೂ ಕೇಳಿದರು. ಕೊನೆಯಲ್ಲಿ, "ಆ ತಾಯಿಗೆ ಹೇಳಿದ್ರಾ?" ಅಂದರು. ಇಲ್ಲ ಅಂದೆವು. ಆ ಮಧ್ಯಾಹ್ನವೇ ಜಮಖಾನ ಹಾಸಿಸಿ ಎಲ್ಲರ ಚೀಲಗಳನ್ನೂ ಬಿಚ್ಚಿಸಿದರು. ಮಳೆಗಾಲ ಇನ್ನೂ ಅರ್ಧ ಇತ್ತು. ಕೆಲವರ ರಾಗಿ ಬೂಷ್ಟು ಹಿಡಿದಿತ್ತು, ಕೆಲವರದರಲ್ಲಿ ಹುಳ ಆಗಿತ್ತು. ನನ್ನದು ತೂಗಿ ಕೊಟ್ಟ ದಿನದ ಹಾಗೇ ಇತ್ತು. ಮೇಡಂ ಒಂದು ಹಿಡಿ ಎತ್ತಿ ಮೂಸಿ, "ಚೆನ್ನಾಗಿ ನೋಡ್ಕೊಂಡಿದೀಯ," ಅಂದರು. ಬೇರೆ ಯಾವ ಮೆಚ್ಚುಗೆಯೂ ನನ್ನನ್ನು ಅಷ್ಟು ಚುಚ್ಚಿಲ್ಲ.

"ತಪ್ಪು ನನ್ನ ಲೆಕ್ಕಾಚಾರದ್ದು," ಅಂದರು ಆಮೇಲೆ, ಎಲ್ಲರಿಗೂ ಕೇಳುವ ಹಾಗೆ. "ರಾಗಿ ಅಳಲ್ಲ. ಅಳದೇ ಇರೋದನ್ನ ಎಷ್ಟು ದಿನ ಜೋಪಾನ ಮಾಡ್ತಾರೆ ಯಾರಾದ್ರೂ? ಒಂದು ವಾರ ಎತ್ಕೊಳ್ಳೋದು ಕಲಿತ್ರಿ. ಉಳಿದ ದಿನವೆಲ್ಲ ಕುಲಾವಿ ಹಾಕಿರೋದನ್ನ ಎಲ್ಲಿ ಬೇಕಾದ್ರೂ ಇಡಬಹುದು ಅಂತ ಕಲಿತ್ರಿ. ಕಲಿಸಿದ್ದು ನಾನೇ. ಇನ್ಮೇಲೆ ಯಾರಾದ್ರೂ ಮಗು ಕೊಟ್ರೆ ಮೊದಲು ಮುಖ ನೋಡಿ. ಆಮೇಲೆ ಹಿಡ್ಕೊಂಡೆ ಅಂತ ಬಾಯಿಬಿಟ್ಟು ಹೇಳಿ. ಅಷ್ಟು ಹೇಳೋವರೆಗೂ ಕೊಡೋರು ಕೈ ಬಿಡಬಾರದು."

ಮಾರನೆಯ ದಿನದಿಂದ ಬಾನೆಟ್ಟಿನ ಮೇಲೆ ಏನನ್ನೂ ಇಡಲು ಪುಟ್ಟಸ್ವಾಮಿ ಬಿಡಲಿಲ್ಲ. ಪುಸ್ತಕ ಇಟ್ಟರೂ ತೆಗೆಯಿರಿ ಅನ್ನುತ್ತಿದ್ದರು. ತಮಾಷೆ ಮಾಡುವುದನ್ನೂ ಬಿಟ್ಟರು. ಸರ್ಕಲ್ ಬಂದಾಗ ಮಾತ್ರ ಅವರ ಎಡಗೈ ಗೇರಿನಿಂದ ಒಂದಿಷ್ಟು ಮೇಲೇಳುವುದನ್ನು ನಾನು ದಿನವೂ ನೋಡುತ್ತಿದ್ದೆ. ಗುಂಡ ಬಿದ್ದ ಜಾಗದಲ್ಲಿ, ಚರಂಡಿಯ ಕಲ್ಲಿನ ಸಂದಿಗೆ ಕೊಚ್ಚಿಹೋಗಿ ನಿಂತ ಕಾಳುಗಳು ಆ ಮಳೆಗೆ ಮೊಳೆತವು. ಬೆರಳುದ್ದದ ಹಸಿರು. ಯಾರೂ ಅದನ್ನು ಕೀಳಲಿಲ್ಲ.

ಲತಾ ನಗಿಸುವುದನ್ನು ನಿಲ್ಲಿಸಿದಳು. ಆ ತಿಂಗಳಲ್ಲೇ ಅವಳ ಅಕ್ಕನಿಗೆ ಹೆರಿಗೆಯಾಯಿತು. ನೋಡಲು ಹೋದಾಗ ಅವಳ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ದೂರು ಹೇಳಿದರು. "ಕಾಲೇಜಲ್ಲಿ ರಾಗಿ ಹೊತ್ಕೊಂಡು ಊರೆಲ್ಲ ತಿರುಗಿದ್ಲು. ಇಲ್ಲಿ ನಿಜವಾದ ಮಗು ಇದೆ, ಮುಟ್ಟಲ್ಲ ಅಂತಾಳೆ. ಸ್ನಾನ ಆಗಿಲ್ಲ ಅಂತಾಳೆ, ಕೈ ತಣ್ಣಗಿದೆ ಅಂತಾಳೆ. ಅವಳ ಅಕ್ಕ ಅತ್ತೂ ಆಯ್ತು. ನಿಂಗೇನಾದ್ರೂ ಗೊತ್ತಾ?" ಲತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಒಳಗೆ ಕಾಲಿಡದೆ. ಗೊತ್ತಿಲ್ಲ ಆಂಟಿ ಅಂದೆ.

ಮೇಡಂಗೆ ನಾನೇ ಹೇಳಿದೆ. ಅವರು ಲತಾಳನ್ನು ಕರೆಸಿದರು.

"ಆ ತಾಯಿ ಮುಂದಿನ ತಿಂಗಳೂ ಇಂಜೆಕ್ಷನ್ನಿಗೆ ಬರ್ತಾರೆ ಅಂದ್ಯಲ್ಲ. ಹೋಗೋಣ. ನಡೆದದ್ದನ್ನ ನೀನೇ ಹೇಳು."

"ಬೈತಾರೆ ಮೇಡಂ."

"ಬೈಲಿ. ಅವರು ನಿಂಗೆ ಉಪಕಾರ ಆಯ್ತು ಅಂದು ಹೋಗಿದಾರೆ. ಅದನ್ನ ಇಟ್ಕೊಂಡು ಎಷ್ಟು ದಿನ ಇರ್ತೀಯ?"

ಸೆಪ್ಟೆಂಬರಿನಲ್ಲಿ ಇಂಜೆಕ್ಷನ್ನಿನ ದಿನ ನಾವು ಮೂವರು ಆರೋಗ್ಯ ಕೇಂದ್ರದ ಹೆಂಚಿನ ವರಾಂಡದಲ್ಲಿ ಕಾದೆವು. ಅವರು ಬಂದರು. ಹೆಸರು ಶಶಿಕಲಾ, ಗಂಡನದು ಬಳೇಪೇಟೆಯಲ್ಲಿ ಬಳೆ ಅಂಗಡಿ, ತವರು ಗಾಂಧಿ ಬಜಾರಿನ ಹತ್ತಿರ ಎಂದು ಮಾತಿನಲ್ಲಿ ಗೊತ್ತಾಯಿತು. ಲತಾಳ ಗುರುತು ಹಿಡಿದು ಬೆಂಚಿನಲ್ಲಿ ಜಾಗ ಬಿಟ್ಟರು. ಲತಾ ಕೂರಲಿಲ್ಲ. ನಿಂತೇ ಹೇಳಿದಳು. ಕಿಟಕಿ, ಬಾನೆಟ್ಟು, ಸರ್ಕಲ್. ಏನನ್ನೂ ಬಿಡಲಿಲ್ಲ.

ಮೊದಲು ಶಶಿಕಲಾ ಅವರ ಮುಖದಲ್ಲಿ ನಗುವೇ ಇತ್ತು. "ಹೌದು ಹೌದು, ಎಲ್ರೂ ನಗ್ತಿದ್ರು ಅವತ್ತು," ಅಂದರು. "ಯಾರದೋ ಗಂಟು ಬಿತ್ತು ಅಂದ್ರು. ನಾನೂ ನಕ್ಕೆ..." ಮಗುವನ್ನು ಎದೆಗೆ ಎತ್ತಿಕೊಂಡರು. ಆಮೇಲೆ ಮೇಡಂ ಕಡೆ ನೋಡಿದರು.

"ನೀವು ಬಂದು ಹೇಳದೇ ಇದ್ದಿದ್ರೆ ನಾನು ಚೆನ್ನಾಗಿರ್ತಿದ್ದೆ."

"ಹೌದು," ಅಂದರು ಮೇಡಂ.

"ಇನ್ಮೇಲೆ ಯಾರ ಕೈಗೆ ಅಂತ ಕೊಡ್ಲಿ ನಾನು ಇದನ್ನ?"

ಶಶಿಕಲಾ ಎದ್ದು ಬೆಂಚಿನ ಆ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ಕೂತರು. ಹೋಗೋಣ ಎಂದು ನಾನು ಸನ್ನೆ ಮಾಡಿದೆ. ಲತಾ ಕದಲಲಿಲ್ಲ.

ನರ್ಸ್ ಹೆಸರು ಕೂಗಿದರು. ಶಶಿಕಲಾ ಎದ್ದರು. ಹೆಗಲಲ್ಲಿ ಚೀಲ, ಕೈಯಲ್ಲಿ ಒದ್ದೆ ಕೊಡೆ, ಇಂಜೆಕ್ಷನ್ ಕಾರ್ಡು. ಮಗುವಿನ ಲಂಗೋಟಿ ಬಿಚ್ಚಿ ತೊಡೆ ತೋರಿಸಬೇಕಿತ್ತು. "ಯಾರಾದ್ರೂ ಹಿಡ್ಕೊಳ್ರಮ್ಮ, ಬೇಗ," ಅಂದರು ನರ್ಸ್. ಶಶಿಕಲಾ ಸುತ್ತ ನೋಡಿದರು. ಬೆಂಚಿನಲ್ಲಿದ್ದವರೆಲ್ಲರ ಕೈಯಲ್ಲೂ ಅವರವರ ಮಕ್ಕಳಿದ್ದವು. ಅವರ ಕಣ್ಣು ನಮ್ಮ ಮೂವರ ಮೇಲೆ ಬಂತು. ಮೇಡಂ ಮೇಲೆ ನಿಂತಿತು, ನನ್ನ ಮೇಲೆ ನಿಂತಿತು. ಆಮೇಲೆ ಅವರು ನಡೆದು ಬಂದದ್ದು ಲತಾಳ ಮುಂದೆ.

ಲತಾ ಕೈ ಒಡ್ಡಿದಳು. ಬಗ್ಗಿ ಮಗುವಿನ ಮುಖ ನೋಡಿದಳು. ಕತ್ತಿನ ಕೆಳಗೆ ಕೈ ಹೋಯಿತು.

"ಹಿಡ್ಕೊಂಡ್ಯಾ?" ಅಂದರು ಶಶಿಕಲಾ.

"ಹಿಡ್ಕೊಂಡೆ."

ಕೊಡೆಯನ್ನು ಗೋಡೆಗೆ ಒರಗಿಸಿ, ಒಂದೇ ಕೈಯಲ್ಲಿ ಲಂಗೋಟಿ ಬಿಚ್ಚಿದರು. ಇನ್ನೊಂದು ಕೈ ಮಗುವಿನ ಪಾದವನ್ನು ಹಿಡಿದಿತ್ತು. ಅದನ್ನು ಬಿಡಲಿಲ್ಲ. ನರ್ಸ್ ಆ ಕಾಲು ಬಿಡಿ ಅಂದರೆ, ಈ ಕಾಲಿಗೆ ಹಾಕಿ ಅಂದರು. ಸೂಜಿ ತಾಗಿದ ಕೂಡಲೇ ಮಗು ಇಡೀ ವರಾಂಡ ಕೇಳುವ ಹಾಗೆ ಕಿರುಚಿತು. ಮುಖ ಕೆಂಪಾಯಿತು. ಲತಾಳ ತೋಳಿನಲ್ಲಿ ಬೆನ್ನು ಬಿಲ್ಲಿನ ಹಾಗೆ ಬಾಗಿತು. ಅವಳು ಅದನ್ನು ಬಿಗಿಯಾಗಿ ಹಿಡಿದು, ಕಣ್ಣಲ್ಲಿ ನೀರಿಳಿಯುತ್ತಿದ್ದರೂ, ಮೇಡಂ ಕಡೆ ತಿರುಗಿ ಹೊಸ ಸುದ್ದಿ ಹೇಳುವವಳ ಹಾಗೆ ಹೇಳಿದಳು, "ಅಳ್ತಿದೆ ಮೇಡಂ."

"ಹೂಂ," ಅಂದರು ಮೇಡಂ. "ಅಳ್ಲಿ."

ಅಳು ಇಳಿಯುವವರೆಗೂ ಶಶಿಕಲಾ ಮಗುವನ್ನು ವಾಪಸ್ ಕೇಳಲಿಲ್ಲ. ಪಾದವನ್ನು ಬಿಡಲೂ ಇಲ್ಲ. ಇಬ್ಬರೂ ಹಾಗೇ ಎದುರೆದುರು ನಿಂತಿದ್ದರು.

"ಗಂಡು ಮಗೂನಾ, ಹೆಣ್ಣು ಮಗೂನಾ?" ಲತಾ ಮೆಲ್ಲಗೆ ಕೇಳಿದಳು. ಅಷ್ಟು ದಿನ ಅದು ಕೂಡ ನಮಗೆ ಗೊತ್ತಿರಲಿಲ್ಲ.

"ಹೆಣ್ಣು," ಅಂದರು ಅವರು. "ಮುಖ ನೋಡಿದ್ರೆ ಗೊತ್ತಾಗಲ್ವಾ?" ಬೈದ ಹಾಗೆಯೇ ಇತ್ತು. ಆದರೆ ಪೂರ್ತಿ ಬೈಗುಳವಾಗಿರಲಿಲ್ಲ.

ಆ ಸಂಜೆ ಲತಾ ಮನೆಗೆ ಹೋಗಿ, ಕೈಕಾಲು ತೊಳೆದು, ಅಕ್ಕನ ಕೋಣೆಯ ಹೊಸ್ತಿಲು ದಾಟಿದಳಂತೆ. ಮರುದಿನ ಬಸ್ಸಿನಲ್ಲಿ ಹೇಳಿದಳು. ನಗಿಸಲು ಇನ್ನೂ ಕೆಲವು ವಾರ ಬೇಕಾಯಿತು.

ನನ್ನ ಮಟ್ಟಿಗೆ ಆ ಬಸ್ಸು ಈಗಲೂ ಕೆಲವೊಮ್ಮೆ ಸರ್ಕಲ್ ಸುತ್ತುತ್ತಲೇ ಇರುತ್ತದೆ. ಪಾತ್ರೆ ತೊಳೆಯುವಾಗ, ಸಿಗ್ನಲ್ಲಿನಲ್ಲಿ ಕಾಯುವಾಗ. ಗಂಟು ಮೆಲ್ಲಗೆ ಅಂಚಿಗೆ ಬರುತ್ತದೆ, ಐದು ಬೆರಳು ಬಿಡಿಸುತ್ತದೆ, ಎಲ್ಲರೂ ನಗುತ್ತಿರುತ್ತಾರೆ. ಕೆಲವು ಸಲ ಡ್ರೈವರಿನ ಕೈ ತಡವಾಗಿ ಬರುತ್ತದೆ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ನೋಡಲು ಬಂದವರೆಲ್ಲರ ಕೈಗೂ ಅವಳನ್ನು ಕೊಡುವ ಮೊದಲು, ಹಿಡ್ಕೊಂಡ್ರಾ, ಹಿಡ್ಕೊಂಡ್ರಾ ಅಂತ ಕೇಳಿ ಕೇಳಿ ನಮ್ಮತ್ತೆಗೆ ಬೇಜಾರಾಗಿತ್ತು.

ಮಿಲ್ಲಿನಲ್ಲಿ ಚಿಕ್ಕಮ್ಮನ ಹೆಸರು ಹೇಳಿದೆ. ಮಿಲ್ಲಿನವರು ಹಿಟ್ಟಿನ ಚೀಲವನ್ನು ಕೌಂಟರಿನ ಮೇಲಿನಿಂದ ದಾಟಿಸಿದರು. "ಇನ್ನೂ ಬಿಸಿ ಇದೆ ಮೇಡಂ, ಹುಷಾರು. ಹಿಡ್ಕೊಂಡ್ರಾ?"

ಹಿಡ್ಕೊಂಡೆ ಅಂದೆ. ನಾಲ್ಕು ಕೇಜಿ ಇರಬಹುದು. ಬಟ್ಟೆಯ ಚೀಲದೊಳಗಿನಿಂದ ಬಿಸಿ ತೋಳಿಗೆ, ಎದೆಗೆ ತಾಗಿತು. ರಸ್ತೆಗೆ ಇಳಿಯುವ ಮುಂಚೆ ಅದು ಅಲ್ಲಾಡುತ್ತದೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.